ಪೊಲೀಸ್ ಪಾಟೀಲರ ಕಾಲದಿಂದ ಇವತ್ತಿನವರೆಗೆ: ಠಾಣೆ ಯಾರ ಮಾತು ಕೇಳುತ್ತೆ?

ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಊರುಗಳಲ್ಲಿ ‘ಪೊಲೀಸ್ ಪಾಟೀಲ’ ಅನ್ನೋ ಅಡ್ಡಹೆಸರಿನ ಮನೆತನ ಸಿಗುತ್ತೆ. ‘ಮಾಲಿ ಪಾಟೀಲ’ರೂ ಇರ್ತಾರೆ. ಈ ಹೆಸರುಗಳ ಹಿಂದೆ ನಮ್ಮ ಜಿಲ್ಲೆಯ ಪೊಲೀಸ್ ಇತಿಹಾಸವೇ ಇದೆ.

ನಿಜಾಮರ ಕಾಲದಲ್ಲಿ ಮಾಲಿ ಪಾಟೀಲರದು ಕಂದಾಯ ವಸೂಲಿ. ಪೊಲೀಸ್ ಪಾಟೀಲರದು ಊರಿನ ಕಾವಲು. ಕಳವು, ಕೊಲೆ, ಹೊಡೆದಾಟ ಆದರೆ ಠಾಣೆಯ ಅಮೀನರಿಗೆ ಸುದ್ದಿ ಮುಟ್ಟಿಸುವುದು ಅವರ ಹೊಣೆ. ತಳವಾರರು ಅವರ ಕೈಕೆಳಗೆ. ಅಪ್ಪನಿಂದ ಮಗನಿಗೆ ಬರುವ ಹುದ್ದೆ. ಅವರನ್ನು ಊರು ಆರಿಸಿದ್ದಲ್ಲ, ತೆಗೆಯುವ ಅಧಿಕಾರವೂ ಊರಿಗೆ ಇರಲಿಲ್ಲ.

ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಅಲ್ಲಿ ಪೊಲೀಸರೂ ಜಾಗೀರಿನವರೇ. ಜಾಗೀರಿನವರಿಂದಲೇ ಅನ್ಯಾಯವಾದರೆ ರೈತ ಯಾರ ಹತ್ತಿರ ಹೋಗಬೇಕಿತ್ತು?

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ‘ಪೊಲೀಸ್ ಕಾರ್ಯಾಚರಣೆ’ ನಡೆಯಿತು. ಹೆಸರು ಪೊಲೀಸರದು, ಬಂದದ್ದು ಸೈನ್ಯ. ಮರುವರ್ಷ ಜಾಗೀರುಗಳು ರದ್ದಾದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ತೆಗೆಯುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಪಾಟೀಲಿಕೆ ಹೋಯಿತು, ಅಡ್ಡಹೆಸರು ಉಳಿಯಿತು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದ ಮೇಲೆ ನಮ್ಮದೇ ಎಸ್‌ಪಿ ಬಂದರು.

ಈಗ ನಾವು ಪಂಚಾಯಿತಿ ಸದಸ್ಯರಿಂದ ಸಂಸದರವರೆಗೆ ಎಲ್ಲರಿಗೂ ಓಟು ಹಾಕುತ್ತೇವೆ. ಪೊಲೀಸರ ಉಸ್ತುವಾರಿಗೆ ಅಂತಲೇ ಓಟು ಇಲ್ಲ. ಅದು ರಾಜ್ಯ ಸರ್ಕಾರದ ಕೈಯಲ್ಲಿದೆ. ಹಾಗಾಗಿ ಠಾಣೆಯಲ್ಲಿ ಕೆಲಸ ಆಗದಿದ್ದರೆ ಜನ ಶಾಸಕರ ಮನೆ ಬಾಗಿಲಿಗೆ ಹೋಗ್ತಾರೆ. ಶಾಸಕರ ಪರಿಚಯ ಇಲ್ಲದವರು ಏನು ಮಾಡಬೇಕು?

ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದಕ್ಕೆಂದೇ ಚುನಾವಣೆ ತಂದರು. 2012ರಲ್ಲಿ 41 ಪೊಲೀಸ್ ವಲಯಗಳಿಗೆ ಜನ ಕಮಿಷನರ್‌ಗಳನ್ನು ಆರಿಸಿದರು. ಓಟು ಹಾಕಿದವರು ನೂರಕ್ಕೆ ಸುಮಾರು 15 ಮಂದಿ ಮಾತ್ರ. 2028ಕ್ಕೆ ಆ ಹುದ್ದೆಯನ್ನೇ ತೆಗೆಯುವುದಾಗಿ ಅಲ್ಲಿನ ಸರ್ಕಾರ 2025ರಲ್ಲಿ ಹೇಳಿತು. ಓಟು ಒಂದೇ ಸಾಲದು ಅನ್ನುವುದಕ್ಕೆ ಇದೊಂದು ಉದಾಹರಣೆ.

ನಮ್ಮಲ್ಲಿ ಬೇರೆ ದಾರಿ ಹಿಡಿದರು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೊಲೀಸರ ಮೇಲಿನ ದೂರು ಕೇಳಲು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರ ಇರಲಿ ಎಂದಿತು. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿತು. ಆದರೆ ಇಂಥದ್ದೊಂದು ಇದೆ ಅಂತ ಹಳ್ಳಿಯಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೆರಡು ಮಾತು ನೆನಪಿಡಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಗಂಭೀರ ಅಪರಾಧದ ದೂರನ್ನು ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದನ್ನು ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು. ನಮ್ಮ ಅಜ್ಜಂದಿರಿಗೆ ಈ ಹಕ್ಕು ಸುಲಭಕ್ಕೆ ಸಿಗಲಿಲ್ಲ. ಮುಂದಿನ ಚುನಾವಣೆಗೆ ಓಟು ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಠಾಣೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಿ.