ಸುಂಕದವನ ಮುಂದೆ ಸುಖದುಃಖ

ಆದಾಯ ತೆರಿಗೆಯನ್ನು ತೆಗೆದುಹಾಕಿ, ಖರ್ಚಿನ ಮೇಲೆ ಮಾತ್ರ ತೆರಿಗೆ ವಿಧಿಸಿದರೆ ಆಗದೇ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೇ ಹತ್ತಾರು ಜನರಿಗೆ ಸಂಬಳ ಕೊಡುವವನು, ಈಚೆಗೆ ಕೇಳಿದ. ದುಡಿಯುವವನನ್ನೂ ಕೂಡಿಡುವವನನ್ನೂ ದಂಡಿಸುವುದೇಕೆ ಎಂಬುದು ಅವನ ವಾದ. ಪ್ರಶ್ನೆ ಹೊಸದಲ್ಲ. ನಮ್ಮ ದೇಶ ಖರ್ಚಿನ ತೆರಿಗೆಯನ್ನು ಎರಡು ಬಾರಿ ತಂದು ಎರಡು ಬಾರಿಯೂ ಕೈಬಿಟ್ಟಿದೆ. ಆ ಕಥೆಯನ್ನು ಬಲ್ಲವರು ಈಗ ವಿರಳವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1956ರಲ್ಲಿ ಭಾರತಕ್ಕೆ ಬಂದು ನಮ್ಮ ತೆರಿಗೆ ಪದ್ಧತಿಯನ್ನು ಪರಿಶೀಲಿಸಿ ವರದಿ ಕೊಟ್ಟರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ಹಣ ಹೊಂದಿಸಬೇಕಾಗಿದ್ದ ಕಾಲ ಅದು. ಒಬ್ಬನು ಸಮಾಜದ ಕಣಜಕ್ಕೆ ಎಷ್ಟು ಸುರಿದ ಎಂಬುದಕ್ಕಿಂತ ಅದರಿಂದ ಎಷ್ಟು ತೆಗೆದುಕೊಂಡ ಎಂಬುದನ್ನು ನೋಡಿ ತೆರಿಗೆ ಹಾಕಬೇಕೆಂಬ ವಿಚಾರ ಹದಿನೇಳನೆಯ ಶತಮಾನದ ಥಾಮಸ್ ಹಾಬ್ಸ್‌ನಷ್ಟು ಹಳೆಯದು. ಕಾಲ್ಡೋರ್ ಅದಕ್ಕೆ ಆಡಳಿತದ ರೂಪ ಕೊಟ್ಟರು. ಪಿತ್ರಾರ್ಜಿತ ಆಸ್ತಿಯನ್ನು ಕರಗಿಸಿ ವೈಭವದಿಂದ ಬಾಳುವವನಿಗೆ ಲೆಕ್ಕದಲ್ಲಿ ಆದಾಯವೇ ಇಲ್ಲದಿರಬಹುದು. ಖರ್ಚನ್ನು ಹಾಗೆ ಮರೆಮಾಚುವುದು ಕಷ್ಟ. ಮೈಸೂರಿನವರಿಗೆ ಇನ್ನೊಂದು ನಿದರ್ಶನ ಕೊಡಬಹುದು. ಸಂವಿಧಾನದ 291ನೆಯ ವಿಧಿಯ ಪ್ರಕಾರ ರಾಜಧನಕ್ಕೆ ಆದಾಯ ತೆರಿಗೆ ಇರಲಿಲ್ಲ. ನಮ್ಮ ಮಹಾರಾಜರಿಗೆ ಗೊತ್ತುಪಡಿಸಿದ್ದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಆದಾಯವನ್ನಷ್ಟೇ ಅಳೆಯುವ ಅಧಿಕಾರಿಗೆ ಎಟುಕದ ಹಣವೂ ಇತ್ತು ಎನ್ನುವುದಕ್ಕಾಗಿ ಹೇಳಿದೆ.

ಕಾಲ್ಡೋರ್ ಅವರ ಸಲಹೆಯಲ್ಲಿ ಒಂದು ಕೊಡು-ಕೊಳ್ಳುವಿಕೆ ಇತ್ತು. ಖರ್ಚು, ಸಂಪತ್ತು, ದಾನ, ಬಂಡವಾಳದ ಲಾಭ ಇವೆಲ್ಲದರ ಮೇಲೂ ತೆರಿಗೆ ಹಾಕಿ. ಅದಕ್ಕೆ ಪ್ರತಿಯಾಗಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡ 45ಕ್ಕೆ ಇಳಿಸಿ ಎಂದಿದ್ದರು. ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿ 1957ರಲ್ಲಿ ವೆಚ್ಚ ತೆರಿಗೆಯ ಕಾನೂನನ್ನೇನೋ ತಂದರು. ಆದರೆ ಗರಿಷ್ಠ ದರ ದುಡಿಮೆಯ ಆದಾಯಕ್ಕೆ ಶೇಕಡ 77, ಇತರ ಆದಾಯಕ್ಕೆ 84ರಲ್ಲಿ ನಿಂತಿತು. ಬದಲಿಗೆ ಬರಬೇಕಾದದ್ದು ಜೊತೆಗೆ ಬಂತು. ನನ್ನ ದೃಷ್ಟಿಯಲ್ಲಿ ಪ್ರಯೋಗ ಕೆಟ್ಟದ್ದು ಅಲ್ಲಿಯೇ.

ಆ ಕಾನೂನು ತಟ್ಟುತ್ತಿದ್ದುದು ತೆರಿಗೆ ಕಳೆದು ವರ್ಷಕ್ಕೆ 36,000 ರೂಪಾಯಿಗೂ ಮೀರಿ ಆದಾಯವುಳ್ಳ ವ್ಯಕ್ತಿಗಳನ್ನು ಮತ್ತು ಹಿಂದೂ ಅವಿಭಕ್ತ ಕುಟುಂಬಗಳನ್ನು ಮಾತ್ರ. ಶಾಲಾ ಮೇಷ್ಟ್ರುಗಳಿಗೆ ಅದರ ಭಯವೇ ಇರಲಿಲ್ಲವೆನ್ನಿ! ಖರ್ಚು ಏರಿದಂತೆ ದರವೂ ಏರುತ್ತಿತ್ತು. ಮದುವೆ, ಕಾಯಿಲೆ, ತಂದೆತಾಯಿಯರ ಪೋಷಣೆ, ಮಕ್ಕಳ ವಿದೇಶ ವ್ಯಾಸಂಗ ಇವುಗಳ ವೆಚ್ಚಕ್ಕೆ ಒಂದು ಮಿತಿಯೊಳಗೆ ರಿಯಾಯಿತಿ ಇತ್ತು. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಎಂಬ ಗಾದೆ ನಮ್ಮಲ್ಲಿದೆಯಲ್ಲ, ಇಲ್ಲಿ ಸುಂಕದವನೇ ಕುಳಿತು ಸುಖದುಃಖ ಕೇಳಬೇಕಾಗಿತ್ತು. ಕೇಳುವ ಶ್ರಮಕ್ಕೆ ತಕ್ಕ ಹಣ ಬರಲಿಲ್ಲ. ವರ್ಷದ ವಸೂಲಿ ಒಂದು ಕೋಟಿಗೂ ಕಡಿಮೆ. ತೆರಿಗೆ 1958ರ ಏಪ್ರಿಲ್‌ನಲ್ಲಿ ಜಾರಿಗೆ ಬರುವ ವೇಳೆಗೆ ಮುಂಧ್ರಾ ಹಗರಣದಿಂದಾಗಿ ಕೃಷ್ಣಮಾಚಾರಿಯವರೇ ರಾಜೀನಾಮೆ ಕೊಟ್ಟಿದ್ದರು. 1962ರಲ್ಲಿ ಮೊರಾರ್ಜಿ ದೇಸಾಯಿ ಅದನ್ನು ರದ್ದುಮಾಡಿದರು. ಮತ್ತೆ ಅರ್ಥಸಚಿವರಾದ ಕೃಷ್ಣಮಾಚಾರಿ 1964ರಲ್ಲಿ ಅದಕ್ಕೆ ಮರುಜೀವ ಕೊಟ್ಟರೆ, 1966ರಲ್ಲಿ ಸಚೀಂದ್ರ ಚೌಧುರಿ ಮತ್ತೆ ಕೈಬಿಟ್ಟರು. ಹೈದರಾಬಾದಿನ ನಿಜಾಮರ ಮಗ ಆಜಂ ಜಾ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಾನೂನನ್ನು ಎತ್ತಿಹಿಡಿದದ್ದು 1971ರಲ್ಲಿ. ಅಷ್ಟರಲ್ಲಿ ತೆರಿಗೆಯೇ ಇರಲಿಲ್ಲ.

ಖರ್ಚಿನ ಮೇಲಣ ತೆರಿಗೆಗೆ ಇನ್ನೊಂದು, ಬಹಳ ಪ್ರಾಚೀನವಾದ ರೂಪವಿದೆ. ಖರ್ಚು ಮಾಡುವವನನ್ನು ನೋಡದೆ ಸರಕನ್ನು ಮಾತ್ರ ನೋಡುವ ಸುಂಕ ಅದು. ಇದರ ಹಳೆಯ ವಿವರಣೆ ಸಿಕ್ಕಿದ್ದು ನಮ್ಮ ಊರಿನಲ್ಲೇ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ನಗರದ ಮಹಾದ್ವಾರದ ಬಳಿ ಧ್ವಜ ನೆಟ್ಟ ಸುಂಕದ ಕಟ್ಟೆ ಅವನದು. ಆಶ್ಚರ್ಯವೆಂದರೆ, ಮದುವೆ, ಹೆರಿಗೆ, ಉಪನಯನ, ದೇವರ ಪೂಜೆ ಮುಂತಾದವುಗಳಿಗೆಂದು ಒಯ್ಯುವ ಸಾಮಾನಿಗೆ ಅಲ್ಲಿ ಸುಂಕವಿಲ್ಲ. ಸುಳ್ಳು ಹೇಳಿ ಸಾಗಿಸಿದವನಿಗೆ ಮಾತ್ರ ಕಳ್ಳತನದ ಶಿಕ್ಷೆ. ಗಾದೆಯ ಸುಂಕದವನಿಗಿಂತ ಕೌಟಿಲ್ಯನ ಸುಂಕದವನು ಮೃದು ಮನಸ್ಸಿನವನೆನ್ನಬೇಕು.

ಊರ ಬಾಗಿಲಿನ ಆ ಸುಂಕ 'ಆಕ್ಟ್ರಾಯ್' ಎಂಬ ಹೆಸರಿನಲ್ಲಿ ನಮ್ಮ ಕಾಲದವರೆಗೂ ಬಂತು. ತಪಾಸಣೆಗಾಗಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ಕರ್ನಾಟಕದಲ್ಲಿ ಅದು 1979ರಲ್ಲಿ ಹೋಗಿ ಪ್ರವೇಶ ತೆರಿಗೆ ಬಂತು, 2005ರಲ್ಲಿ ಮಾರಾಟ ತೆರಿಗೆಯ ಸ್ಥಾನದಲ್ಲಿ ವ್ಯಾಟ್, 2017ರ ಜುಲೈ 1ರಿಂದ ಇವೆಲ್ಲವನ್ನೂ ನುಂಗಿದ ಜಿಎಸ್‌ಟಿ.

ಆದ್ದರಿಂದ ಆ ವಿದ್ಯಾರ್ಥಿಗೆ ನಾನು ಮರಳಿ ಕೇಳಿದ್ದು, ಯಾವ ಖರ್ಚಿನ ತೆರಿಗೆಯಪ್ಪಾ ಎಂದು. ಕಾಲ್ಡೋರ್ ಅವರದು ಶ್ರೀಮಂತನ ಮನೆಯ ಲೆಕ್ಕದ ಪುಸ್ತಕವನ್ನು ತೆರೆಸುತ್ತಿತ್ತು. ಇಂದಿನದು ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸು ಕೊಳ್ಳುವ ಸಾಬೂನಿಗೂ ಕಾರ್ಖಾನೆಯ ಒಡೆಯ ಕೊಳ್ಳುವ ಸಾಬೂನಿಗೂ ಒಂದೇ ದರ. ಆದಾಯ ತೆರಿಗೆಯನ್ನು ತೆಗೆದು ಅದರ ಭಾರವನ್ನೂ ಇದರ ಮೇಲೆಯೇ ಹೇರಿದರೆ, ಗಳಿಕೆಯಲ್ಲಿ ಏನೂ ಉಳಿಸಲಾಗದ ಆಕೆಗೆ ಗಳಿಕೆಯೆಲ್ಲವೂ ತೆರಿಗೆಯ ದಾರಿಯಲ್ಲೇ ಸಾಗುತ್ತದೆ; ಒಡೆಯನ ಉಳಿತಾಯ ಪಕ್ಕಕ್ಕೆ ಸರಿದು ನಿಲ್ಲುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ದರವನ್ನು ಶೇಕಡ 18ರಿಂದ 5ಕ್ಕೆ ಇಳಿಸಿದ್ದಾರೆ. ಒಳ್ಳೆಯದೇ ಆಯಿತು, ಇಬ್ಬರಿಗೂ ಇಳಿಯಿತು. ಅವನಿಂದ ಇನ್ನೂ ಉತ್ತರ ಬಂದಿಲ್ಲ.