ಅರಗಿನ ತಟ್ಟೆಯಿಂದ ವಿನೈಲಿಗೆ

ಎದುರಿನ ಕಪಾಟಿನಲ್ಲಿರುವ ಧ್ವನಿಮುದ್ರಿಕೆಗಳ ಪೈಕಿ ಅರಗಿನಿಂದಾದ ಹಳೆಯವು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗಿ, ಮೂರು ನಾಲ್ಕು ನಿಮಿಷಗಳಲ್ಲಿಯೇ ಮುಗಿದುಹೋಗತಕ್ಕವು. 1902ರಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗನ ಯಂತ್ರದ ಮುಂದೆ ಹಾಡಿದ ಗೌಹರ್ ಜಾನ್ ಅವರು, ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಆ ಅಲ್ಪಾವಧಿಯೊಳಗೆ ಅಡಕಗೊಳಿಸಿ, ದೂರದ ಹ್ಯಾನೋವರಿನಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಗುರುತಾಗಲೆಂದು ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಆ ಮಹಾಗಾಯಕಿಯು ತಮ್ಮ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು, 1930ರಲ್ಲಿ ಆ ನಗರದಲ್ಲಿಯೇ ಕಾಲವಾದರೆಂಬುದನ್ನು ಕನ್ನಡಿಗರು ಮರೆಯಲಾಗದು.

1948ರಲ್ಲಿ ಅಮೆರಿಕೆಯ ಕೊಲಂಬಿಯಾ ಸಂಸ್ಥೆಯು ವಿನೈಲಿನ ಲಾಂಗ್ ಪ್ಲೇ ತಟ್ಟೆಯನ್ನು ಹೊರತಂದಿತು. ನಿಮಿಷಕ್ಕೆ 33⅓ ಸುತ್ತಿನ ಮಂದಗತಿಯೂ ಅತಿಸೂಕ್ಷ್ಮವಾದ ಗೀರುಗಳೂ ಕೂಡಿ, ಒಂದೊಂದು ಪಾರ್ಶ್ವದಲ್ಲಿ ಇಪ್ಪತ್ತು ನಿಮಿಷಗಳಿಗೂ ಮಿಗಿಲಾದ ಸಂಗೀತಕ್ಕೆ ಎಡೆ ದೊರೆಯಿತು. ಗೀರಿನ ಅಂಕುಡೊಂಕುಗಳನ್ನು ಅನುಸರಿಸಿ ಕಂಪಿಸುವ ಮುಳ್ಳಿನ ಚಲನೆಯೇ ವಿದ್ಯುತ್ತಾಗಿ, ಆ ವಿದ್ಯುತ್ತು ವರ್ಧಿಸಲ್ಪಟ್ಟು ಸ್ಪೀಕರಿನಲ್ಲಿ ಪುನಃ ನಾದವಾಗುವುದು.

ಸಂಗ್ರಾಹಕನ ಶ್ರದ್ಧೆಯಾದರೋ ಪೂಜಾರಿಯ ಮಡಿಗಿಂತ ಕಡಮೆಯದಲ್ಲ: ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಮೃದುವಾದ ಕುಂಚದಿಂದ ಧೂಳನ್ನು ನೀಗಿ, ಬಿಸಿಲಿಗೆ ಬಾಗದಂತೆ ತಂಪಿನಲ್ಲಿ ನೆಟ್ಟಗೆ ನಿಲ್ಲಿಸುವನು. ಇಷ್ಟಾದರೂ ಉಳಿಯುವ ಚಟಪಟ ಸದ್ದನ್ನು ಕೆಲವರು ದೋಷವೆಂದೇ ಎಣಿಸರು. ಪ್ರೇಕ್ಷಕರು ತಟ್ಟೆಗಳ ಮೈಯನ್ನು ಮುಟ್ಟಬಾರದಾಗಿ ಪ್ರಾರ್ಥನೆ.