ಬೆಂಕಿ ರೇಖೆಯ ದುಡ್ಡು ಯಾವ ತಿಂಗಳಲ್ಲಿ ಬರುತ್ತದೆ?

ಕಾಡ್ಗಿಚ್ಚಿನ ಬಗ್ಗೆ ಈಚೆಗೆ ಬರುತ್ತಿರುವ ಲೇಖನಗಳನ್ನು ಓದಿದರೆ, ನಮ್ಮ ಸರ್ಕಾರಕ್ಕೆ ಈ ವಿಷಯದಲ್ಲಿ ಎಚ್ಚರವಾದದ್ದೇ 2019ರ ಫೆಬ್ರುವರಿಯಲ್ಲಿ ಎಂದುಕೊಳ್ಳಬೇಕು. ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡು ಸುಟ್ಟಿತು, ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ಅಂದಿನಿಂದ ಮಾತೆಲ್ಲ ಉಪಗ್ರಹ, ಡ್ರೋನ್, ಲೀಫ್ ಬ್ಲೋವರ್‌ಗಳದ್ದೇ. ಕಾರವಾರ, ಅಂಕೋಲಾದ ಗುಡ್ಡಗಳಲ್ಲಿ ಬೇಸಿಗೆ ಕಳೆದವರಿಗೆ ಈ ಚರಿತ್ರೆಯ ಮೊದಲ ಪುಟಗಳನ್ನೇ ಯಾರೋ ಕಿತ್ತಿಟ್ಟಂತೆ ಕಾಣುತ್ತದೆ.

ತೀರಾ ಹಳೆಯದನ್ನು ಬೇಗ ಹೇಳಿ ಮುಗಿಸಬಹುದು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯದ ಕೈಗೆ ಹೋಯಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಲಗಾಮು ಬಿತ್ತು. 1878ರ ಅರಣ್ಯ ಕಾಯ್ದೆ ಮೀಸಲು ಕಾಡಿನಲ್ಲಿ ಬೆಂಕಿ ಹಾಕುವುದನ್ನು ಅಪರಾಧವಾಗಿಸಿತು. 1927ರ ಕಾಯ್ದೆಯೂ, ಏಕೀಕರಣದ ನಂತರದ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಅದನ್ನೇ ಮುಂದುವರಿಸಿದವು. ಬೆಂಕಿ ದಾಟದಂತೆ ಕಾಡಿನಂಚು ಸವರಿ ಬಯಲು ಮಾಡುವ ಬೆಂಕಿ ರೇಖೆಗೆ ಖರ್ಚು ಮಾಡುವಾಗ ಬ್ರಿಟಿಷರ ಕಣ್ಣು ಸಾಗವಾನಿಯ ಮೇಲೆ. ಕರಾವಳಿಯ ಕರಡ ಹುಲ್ಲಿನ ಗುಡ್ಡ ಸುಟ್ಟರೆ ಅವರ ಆದಾಯಕ್ಕೇನೂ ಕೊರತೆಯಿರಲಿಲ್ಲ. ಶಿಕ್ಷೆಗೆ ಕಾನೂನಿತ್ತು, ಕಾವಲಿಗೆ ಕಾಸಿರಲಿಲ್ಲ.

1984ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಚಂದ್ರಪುರ, ಹಲ್ದ್ವಾನಿಗಳಲ್ಲಿ ಆಧುನಿಕ ಬೆಂಕಿ ನಿಯಂತ್ರಣದ ಪ್ರಯೋಗ ನಡೆಯಿತು. ಅದು ದೂರದ ಮಾತು. ಅದೇ ದಶಕದಲ್ಲಿ ನಮ್ಮ ಜಂಬಿಟ್ಟಿಗೆ ಗುಡ್ಡಗಳಿಗೆ ಬಂದದ್ದು ಸಾಮಾಜಿಕ ಅರಣ್ಯದ ಅಕೇಶಿಯಾ. ಅದರ ಎಲೆ ಸುಲಭಕ್ಕೆ ಕೊಳೆಯುವುದಿಲ್ಲ, ಬಿದ್ದಲ್ಲೇ ಪದರ ಕಟ್ಟುತ್ತದೆ. ಮಾರ್ಚಿನ ಹೊತ್ತಿಗೆ ತೋಪಿನೊಳಗೆ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಗಿಡ ನೆಡುವ ಯೋಜನೆಯ ಕಡತಕ್ಕೂ ಬೆಂಕಿ ತಡೆಯುವ ಕಡತಕ್ಕೂ ಆಗ ಪರಿಚಯವಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ.

ನಾನು ನಿಂತು ಹೇಳಬೇಕೆಂದಿರುವುದು 1990ರ ದಶಕದ ಕತೆ. ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಮೊದಲು ಕಾಲೂರಿದ್ದು ಶಿರಸಿ ಕೇಂದ್ರವಾಗಿರುವ ಕೆನರಾ ವೃತ್ತದಲ್ಲಿ. 1993ರಲ್ಲಿ ಜಂಟಿ ಅರಣ್ಯ ನಿರ್ವಹಣೆಯ ಸರ್ಕಾರಿ ಆದೇಶವಾಯಿತು, ಊರೂರಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ವಿದೇಶಿ ಸಲಹೆಗಾರರು ಬರೆದ ವರದಿಗಳ ತೂಕ ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆದರೂ ಒಂದು ಮಾತು ಒಪ್ಪಲೇಬೇಕು: ಬೆಂಕಿಯ ಲೆಕ್ಕ ಊರಿನವರ ಪುಸ್ತಕಕ್ಕೆ ಬಂದದ್ದು ಆಗಲೇ. ಊರಿನ ಕಾಡಿಗೆ ಸೂಕ್ಷ್ಮ ಯೋಜನೆ ಬರೆಯಲು ಕೂತಾಗ ಯಾವ ಗುಡ್ಡ ಯಾವ ಕಡೆಯಿಂದ ಹತ್ತಿಕೊಳ್ಳುತ್ತದೆ, ಯಾರ ಹುಲ್ಲಿನ ಬೇಣದ ಅಂಚಿನಿಂದ ಕಿಡಿ ಹಾರುತ್ತದೆ ಎಂಬುದನ್ನು ಜನರೇ ಹೇಳುತ್ತಿದ್ದರು.

ಆ ಕೆಲಸ ಹೇಗಿತ್ತೆಂದು ಹೇಳದಿದ್ದರೆ ಈಗಿನವರಿಗೆ ಅರ್ಥವಾಗದು. ದೇವಳಮಕ್ಕಿ ಕಡೆಯಾಗಲಿ, ಹಿಲ್ಲೂರು, ಅಚವೆ ಕಡೆಯಾಗಲಿ, ಮಳೆ ನಿಂತು ಹುಲ್ಲು ಅರೆ ಒಣಗಿದಾಗ ಅಂಚು ಸವರಬೇಕು. ಸವರಿದ್ದನ್ನು ಒಟ್ಟುಮಾಡಿ ಬೆಳಿಗ್ಗೆಯೇ ಸುಡಬೇಕು. ಬೆಳಗಿನ ಗಾಳಿ ಘಟ್ಟದಿಂದ ಕಡಲಿಗೆ ಬೀಸುತ್ತದೆ, ಇಬ್ಬನಿಯ ಪಸೆಯೂ ಇರುತ್ತದೆ. ಮಧ್ಯಾಹ್ನ ಕಡಲ ಗಾಳಿ ತಿರುಗಿತೆಂದರೆ ಜ್ವಾಲೆ ಇಳಿಜಾರು ಹತ್ತುತ್ತದೆ, ಹತ್ತುವ ಬೆಂಕಿಯನ್ನು ಹಸಿ ಟೊಂಗೆ ಹಿಡಿದು ಬಡಿಯುವುದು ಹುಡುಗಾಟವಲ್ಲ. ಇದು ಗೊತ್ತಿದ್ದವರು ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು, ಘಟ್ಟದ ಬುಡದ ತೋಟಿಗರು. ಕೊಟ್ಟಿಗೆಗೆ ಹಾಸಲು ಅವರು ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಹೊರೆ ಕಟ್ಟಿ ತರುತ್ತಿದ್ದುದೇ ಅರ್ಧ ಬೆಂಕಿಯನ್ನು ತಡೆಯುತ್ತಿತ್ತು. ಈಗ ದನ ಕಡಿಮೆ, ಗುಡಿಸುವವರು ಕಡಿಮೆ, ದರಕು ಬಿದ್ದಲ್ಲೇ ಬಿದ್ದಿರುತ್ತದೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಹಿಗ್ಗಿದೆವು. ಅವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದದ್ದು ದಿನಗೂಲಿಯಾಗಿ. ಅಂಥ ತಿಳಿವಳಿಕೆಗೆ ನಮ್ಮ ಆಯವ್ಯಯದಲ್ಲಿ ಬೇರೆ ಲೆಕ್ಕಶೀರ್ಷಿಕೆ ಇಲ್ಲ.

ವಿದೇಶಿ ಹಣ ನಿಂತಿತು, ಸಮಿತಿಗಳು ಒಣಗಿದವು. ಕೇಂದ್ರದ ಯೋಜನೆಗಳಿಗೆ ಮಾತ್ರ ಹೆಸರಿನ ಬರವಿರಲಿಲ್ಲ: ಹತ್ತನೇ ಪಂಚವಾರ್ಷಿಕ ಯೋಜನೆಯಲ್ಲಿ ಸಮಗ್ರ ಅರಣ್ಯ ಸಂರಕ್ಷಣೆ, ಆಮೇಲೆ ಅರಣ್ಯ ನಿರ್ವಹಣೆಯ ತೀವ್ರೀಕರಣ, 2017-18ರಿಂದ ಕಾಡ್ಗಿಚ್ಚು ತಡೆ ಮತ್ತು ನಿರ್ವಹಣೆ. ಈ ಕೊನೆಯದರಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರ ಪಾಲು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 50 ಕೋಟಿ ರೂಪಾಯಿಯ ಆಸುಪಾಸು! ಹಂಚಿ ಹಂಚಿ ಒಂದು ವಲಯಕ್ಕೆ ತಲುಪುವುದೆಷ್ಟು ಎಂದು ಓದುಗರೇ ಊಹಿಸಲಿ. 2018ರ ರಾಷ್ಟ್ರೀಯ ಕ್ರಿಯಾಯೋಜನೆ ಜನರ ಸಹಭಾಗಿತ್ವದ ಬಗ್ಗೆ ಒಳ್ಳೆಯ ಮಾತುಗಳನ್ನಾಡಿದೆ. ಮಾತಿಗೆ ಖರ್ಚಿಲ್ಲ.

ಉಪಗ್ರಹವನ್ನು ನಾನು ಹಳಿಯುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಬೆಂಕಿಯ ಸೂಚನೆ ಕಳಿಸುತ್ತಿದೆ. ಮೊದಲು ಒಂದು ಕಿಲೋಮೀಟರಿನ ಚೌಕ, ಈಗ 375 ಮೀಟರಿನದು. ಆದರೆ ಮರದ ನೆರಳಿನಡಿ ಹರಿದಾಡುವ ದರಕಿನ ಬೆಂಕಿ, ಎರಡು ಗಂಟೆಯಲ್ಲಿ ಹೊತ್ತಿ ಆರುವ ಕರಡದ ಬೆಂಕಿ ಹಲವು ಸಲ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ 2004ರಿಂದ 2017ರವರೆಗೆ ಕಂಡ ಬಿಂದುಗಳನ್ನು ಐದು ಕಿಲೋಮೀಟರಿನ ಚೌಕಗಳಲ್ಲಿ ಎಣಿಸಿ ಎಲ್ಲಿ ಅಪಾಯ ಹೆಚ್ಚು, ಎಲ್ಲಿ ಕಡಿಮೆ ಎಂಬ ನಕ್ಷೆಯಾಯಿತು. ಒಣ ಎಲೆಯುದುರು ಕಾಡು ಅದರಲ್ಲಿ ಕೆಂಪಾಗಿ ಕಾಣುತ್ತದೆ, ನಮ್ಮಂಥ ತೇವದ ಇಳಿಜಾರು ತಣ್ಣಗೆ ಕಾಣುತ್ತದೆ. ಕಾಣದ ಬೆಂಕಿಗೆ ಅನುದಾನ ಕೇಳುವುದು ಹೇಗೆ?

ಇನ್ನು ಪಂಚಾಂಗದ ತೊಡಕು. ನಮ್ಮಲ್ಲಿ ಬೆಂಕಿಯ ಕಾಲ ಜನವರಿಯಿಂದ ಮೇವರೆಗೆ, ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಗುಡ್ಡ ಕಾದು ನಿಂತಿರುವ ಹೊತ್ತಿನಲ್ಲೇ ಹಳೆಯ ಹಣ ಮುಗಿದು ಹೊಸದು ಬಂದಿರುವುದಿಲ್ಲ. ಬೆಂಕಿ ರೇಖೆ ಸವರಬೇಕಾದದ್ದು ಡಿಸೆಂಬರಿನೊಳಗೆ. ಫೈರ್ ವಾಚರ್‌ಗಳ ಕೂಲಿ ಮಳೆ ಹಿಡಿದ ಮೇಲೆ ಕೈಗೆ ಬಂದರೆ ಮುಂದಿನ ವರ್ಷ ಆ ಹುಡುಗ ಗೋವಾಕ್ಕೆ ಹೋಗಿರುತ್ತಾನೆ. ಪರಿಹಾರಾತ್ಮಕ ಅರಣ್ಯೀಕರಣದ ಹುಂಡಿಯಿಂದ 2019ರಲ್ಲಿ ರಾಜ್ಯಗಳಿಗೆ 47 ಸಾವಿರ ಕೋಟಿಗೂ ಹೆಚ್ಚು ಹರಿಯಿತು, ಅದರಲ್ಲಿ ಬೆಂಕಿ ತಡೆಗೂ ಖರ್ಚು ಮಾಡಬಹುದು. ವಾರ್ಷಿಕ ಕ್ರಿಯಾಯೋಜನೆ ದಿಲ್ಲಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕು, ಅಷ್ಟೆ. 

ವಿಪತ್ತು ನಿಧಿಯ ದಾರಿಯೂ ಇದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿಗೆ ಬಿದ್ದಾಗ ಅದು ಹೇಗೆ ತೆರೆದುಕೊಳ್ಳುತ್ತದೆಂದು ಅಂಕೋಲಾದವರು ಕಂಡರು. ಜೀವ, ಮನೆ, ದನ, ಬೆಳೆಗೆ ಅಲ್ಲಿ ದರಪಟ್ಟಿ ಇದೆ. ಬರಿಯ ಕಾಡು ಸುಟ್ಟರೆ ಪಟ್ಟಿಯಲ್ಲಿ ಸಾಲಿಲ್ಲ. ಈಚೆಗೆ 19 ರಾಜ್ಯಗಳ 144 ಜಿಲ್ಲೆಗಳಿಗೆಂದು 818.92 ಕೋಟಿಯ ಕಾಡ್ಗಿಚ್ಚು ಅಪಾಯ ನಿರ್ವಹಣೆ ಯೋಜನೆಗೆ ಕೇಂದ್ರ ಒಪ್ಪಿದೆ. ಹಿಂದಿನದಕ್ಕೆ ಹೋಲಿಸಿದರೆ ದೊಡ್ಡ ಮೊತ್ತ, ಸಂತೋಷ. ಅದರಲ್ಲಿ ಯಂತ್ರಕ್ಕೆಷ್ಟು, ಕೂಲಿಗೆಷ್ಟು, ಸೊಪ್ಪಿನ ಬೆಟ್ಟ ಮತ್ತು ಕಂದಾಯ ಗುಡ್ಡಗಳ ಅಂಚನ್ನು ಸವರುವವರು ಯಾರು, ಗ್ರಾಮ ಅರಣ್ಯ ಸಮಿತಿಯ ಖಾತೆಗೆ ನವೆಂಬರಿನಲ್ಲೇ ಹಣ ಹಾಕಲು ನಿಯಮ ಬಿಡುತ್ತದೆಯೇ, ಇದನ್ನು ಜಿಲ್ಲಾ ಪ್ರತಿನಿಧಿಗಳು ಈ ಮಳೆಗಾಲದಲ್ಲೇ ಕೇಳಬೇಕು.